ಪಕ್ಕದೂರಿಗೆ ಎಫ್‌ಎಂ ಬಂದರೆ ಹಾಡೋ, ಆಟವೋ?

ರಾಯದುರ್ಗ/ಮಡಕಶಿರಾ: ಗಡಿ ಊರುಗಳ ಸುತ್ತ ಹೊಸ ಖಾಸಗಿ ಎಫ್‌ಎಂ ಬರುವ ಮಾತು 2024ರಿಂದ ಚಾಲ್ತಿಯಲ್ಲಿದೆ. ಆ ವರ್ಷದ ಆಗಸ್ಟ್ 28ರಂದು ಕೇಂದ್ರ ಸಚಿವ ಸಂಪುಟ 234 ಊರುಗಳಲ್ಲಿ 730 ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿ ಆಂಧ್ರದ ಕಡೆಯಿಂದ ಅನಂತಪುರ, ಹಿಂದೂಪುರ, ಧರ್ಮಾವರಂ, ಗುಂತಕಲ್ ಇವೆ. ಕರ್ನಾಟಕದ ಕಡೆಯಿಂದ ಬಳ್ಳಾರಿ, ಚಿತ್ರದುರ್ಗ, ತುಮಕೂರು ಇವೆ. ರಾಯದುರ್ಗವೂ ಇಲ್ಲ, ಮಡಕಶಿರಾವೂ ಇಲ್ಲ. ಇಲ್ಲಿನ ಕನ್ನಡ ಮನೆಗಳಿಗೆ ಯಾವುದಾದರೂ ಕೇಳಿಸಿದರೆ ಅದು ಪಕ್ಕದೂರಿನ ಕೇಂದ್ರವೇ.

ಹಾಗೆ ಬರುವ ಕೇಂದ್ರ ಏನು ಕೊಡುತ್ತದೆ ಎಂಬುದು ಈಗಿನ ಪ್ರಶ್ನೆ. ಬೆಳಗಿನಿಂದ ರಾತ್ರಿವರೆಗೂ ಸಿನಿಮಾ ಹಾಡೇ ಇರುತ್ತದೋ, ಆಟೋಟಕ್ಕೂ ಜಾಗ ಸಿಗುತ್ತದೋ? ಬರೀ ಆಟವನ್ನೇ ನಂಬಿದ ರೇಡಿಯೊ ಏನಾಯಿತು ಎನ್ನುವುದಕ್ಕೆ ಆಸ್ಟ್ರೇಲಿಯದ ಉದಾಹರಣೆ ಕಣ್ಣೆದುರಿಗಿದೆ.

2018ರಲ್ಲಿ ಅಲ್ಲಿನ ಮ್ಯಾಕ್ವಾರಿ ಮೀಡಿಯಾ ಸಂಸ್ಥೆ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ನಗರಗಳ ತನ್ನ ಮೂರು ಕೇಂದ್ರಗಳನ್ನು ಕ್ರೀಡಾ ರೇಡಿಯೊ ಮಾಡಿತು. ಎರಡು ವರ್ಷವೂ ತುಂಬಲಿಲ್ಲ. 2019ರ ಕೊನೆಯಲ್ಲಿ ಸಂಸ್ಥೆ ನೈನ್ ಕಂಪನಿಯ ಕೈ ಸೇರುವ ಹೊತ್ತಿಗೆ ಕ್ರೀಡಾ ಮಾತು ನಿಂತು ಹಾಡು ಶುರುವಾಯಿತು. 2020ರಲ್ಲಿ ಮೂರೂ ಕೇಂದ್ರಗಳು ಹಳೇ ಹೆಸರಿಗೇ ವಾಪಸಾಗಿ, ಹಳೇ ಹಾಡುಗಳ ಕೇಂದ್ರಗಳಾದವು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಜನ ಕಿವಿಗೊಡುವ ದೊಡ್ಡ ಪಂದ್ಯಗಳನ್ನು ಅದೇ ಸಂಸ್ಥೆಯ ದೊಡ್ಡ ಕೇಂದ್ರಗಳಾದ ಸಿಡ್ನಿಯ ಟೂ ಜಿಬಿ, ಮೆಲ್ಬರ್ನಿನ ತ್ರೀ ಎಡಬ್ಲ್ಯು ಮೊದಲಿನಿಂದಲೂ ಕೊಡುತ್ತಿದ್ದವು. ಕ್ರೀಡಾ ರೇಡಿಯೊಗೆ ಹೆಚ್ಚಾಗಿ ಉಳಿದದ್ದು ಆಟದ ಬಗ್ಗೆ ಹರಟೆ. ಪಂದ್ಯವಿಲ್ಲದ ದಿನ ಎಷ್ಟು ಅಂತ ಹರಟುವುದು? ಹಾಗಂತ ಕ್ರೀಡಾ ರೇಡಿಯೊ ಎಲ್ಲೂ ನಿಲ್ಲಲ್ಲ ಎಂದೇನೂ ಅಲ್ಲ. ನ್ಯೂಯಾರ್ಕಿನಲ್ಲಿ 1987ರಲ್ಲಿ ಒಂದು ಹಾಡಿನ ಕೇಂದ್ರವೇ ಡಬ್ಲ್ಯುಎಫ್‌ಎಎನ್ ಎಂಬ ಕ್ರೀಡಾ ಕೇಂದ್ರವಾಗಿ ಬದಲಾಗಿ ಗಟ್ಟಿಯಾಗಿ ನಿಂತಿತು. ಆದರೆ ಅದು ಕೋಟಿ ಲೆಕ್ಕದ ಜನರ ಮಹಾನಗರ.

ನಮ್ಮ ಕಡೆ ಲೆಕ್ಕ ಇನ್ನೂ ನೇರ. 2010ರ ಆಗಸ್ಟ್‌ನಲ್ಲಿ ಕೃತಿಸ್ವಾಮ್ಯ ಮಂಡಳಿ ಎಫ್‌ಎಂಗಳು ಹಾಡಿನ ಕಂಪನಿಗಳಿಗೆ ತಮ್ಮ ನಿವ್ವಳ ಜಾಹೀರಾತು ಆದಾಯದ ಶೇ 2ರಷ್ಟು ಕೊಟ್ಟರೆ ಸಾಕು ಎಂದು ಆದೇಶಿಸಿತು. ಅಂದರೆ ಲಕ್ಷ ರೂಪಾಯಿ ಜಾಹೀರಾತು ಬಂದರೆ ಹಾಡಿಗೆ ಎರಡು ಸಾವಿರ. ಹತ್ತು ಸಾವಿರವೇ ಬಂದರೆ ಬರೀ ಇನ್ನೂರು. ದರದ ಲೆಕ್ಕ 2020ರ ಬಳಿಕ ಬದಲಾಯಿತಾದರೂ ಎಫ್‌ಎಂ ಉದ್ಯಮ ಬೆಳೆದದ್ದು ಈ ಆದೇಶದ ನೆರಳಲ್ಲೇ. ಆಟದ ಹಕ್ಕು ಹಾಗಲ್ಲ. ಮೊದಲೇ ಗಂಟು ಕಟ್ಟಬೇಕು, ಆಮೇಲೆ ಜಾಹೀರಾತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಸ ಊರುಗಳ ಕೇಂದ್ರಗಳು ಸರ್ಕಾರಕ್ಕೆ ವರ್ಷಕ್ಕೆ ಒಟ್ಟು ಆದಾಯದ ಶೇ 4ರಷ್ಟು ಶುಲ್ಕವನ್ನೂ ಕಟ್ಟಬೇಕು. ಬಟ್ಟೆ ಅಂಗಡಿ, ಚಿನ್ನದಂಗಡಿ, ಟ್ಯೂಷನ್ ಸೆಂಟರ್‌ಗಳ ಜಾಹೀರಾತು ನಂಬಿದ ಸಣ್ಣೂರಿನ ಕೇಂದ್ರ ಹಾಡಿಗೇ ಹೋಗುತ್ತದೆ. ಅದನ್ನು ತಪ್ಪು ಅನ್ನಲಾಗದು.

ಇನ್ನು ದೊಡ್ಡ ಕ್ರಿಕೆಟ್. ಅದು ಬಹುಕಾಲ ಆಕಾಶವಾಣಿಯದ್ದೇ. 2007ರ ಕಾಯ್ದೆ ಪ್ರಕಾರ ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಖಾಸಗಿಯವರು ಪ್ರಸಾರ ಭಾರತಿ ಜತೆ ಹಂಚಿಕೊಳ್ಳಬೇಕು. 2019ರಲ್ಲಿ ಬಿಸಿಸಿಐ ಜತೆ ಆಕಾಶವಾಣಿ ಎರಡು ವರ್ಷದ ಒಪ್ಪಂದವನ್ನೂ ಮಾಡಿಕೊಂಡಿತ್ತು. ಆದರೆ ಈ ಕಾಮೆಂಟರಿ ಬಹುಪಾಲು ಹಿಂದಿ, ಇಂಗ್ಲಿಷಿನಲ್ಲೇ. ಚಿತ್ರಗೀತೆ ಬರುವ ಹೊತ್ತಿಗೆ ಹಿಂದಿಯಲ್ಲಿ ಓವರ್ ಎಣಿಸುತ್ತಾ ಕೂತರೆ ಅಡುಗೆ ಮನೆಯಿಂದ ಗೊಣಗಾಟ ಕೇಳುತ್ತಿದ್ದದ್ದು ಸುಳ್ಳಲ್ಲ.

ಕನ್ನಡದಲ್ಲಿ ಆಟ ಕೇಳುವವರಿಲ್ಲ ಎಂಬ ಮಾತು ಮಾತ್ರ ಈಗ ನಿಲ್ಲುವುದಿಲ್ಲ. 2018ರಲ್ಲಿ ಸ್ಟಾರ್ ಸ್ಪೋರ್ಟ್ಸ್ ಕನ್ನಡ ವಾಹಿನಿ ಬಂತು. 2023ರ ಐಪಿಎಲ್ ಮೊಬೈಲ್‌ನಲ್ಲೂ ಕನ್ನಡ ವಿವರಣೆಯೊಂದಿಗೆ ಸಿಕ್ಕಿತು. ಹೀಗಾಗಿ ದೊಡ್ಡ ಪಂದ್ಯಕ್ಕಾಗಿ ಯಾರೂ ಎಫ್‌ಎಂ ಕಾಯುವುದಿಲ್ಲ. ಆ ಬಸ್ಸು ಹೋಗಿಯಾಯ್ತು.

ಉಳಿದಿರುವುದು ಊರಿನ ಆಟ. ಹಳ್ಳಿ ಕಬಡ್ಡಿ, ಶಾಲೆಗಳ ಖೋ-ಖೋ, ಹಬ್ಬದ ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್. ಇವಕ್ಕೆ ಯಾವ ಟೀವಿಯೂ ಬರುವುದಿಲ್ಲ, ಕೋಟಿ ಕೊಟ್ಟು ಕೊಳ್ಳುವ ಹಕ್ಕೂ ಇಲ್ಲ. ಖಾಸಗಿ ಎಫ್‌ಎಂ ತನ್ನದೇ ಸುದ್ದಿ ಓದುವಂತಿಲ್ಲ. ಆದರೆ 2011ರ ಮೂರನೇ ಹಂತದ ನೀತಿಯಲ್ಲಿ ಸ್ಥಳೀಯ ಸ್ವರೂಪದ ಪಂದ್ಯಗಳ ನೇರ ವಿವರಣೆಗೆ ಅವಕಾಶ ಇದೆ. ಈ ಬಾಗಿಲು ತೆರೆದಿದ್ದರೂ ಎಫ್‌ಎಂನವರು ಅದರ ಕಡೆ ಅಷ್ಟಾಗಿ ತಿರುಗಿ ನೋಡಿಲ್ಲ. ಒಬ್ಬ ಮಾತುಗಾರ, ಒಂದು ಫೋನು ಇದ್ದರೆ ನಡೆಯುವ ಕೆಲಸ ಇದು. ಮೈದಾನದ ಪಕ್ಕದ ಅಂಗಡಿಯವನೇ ಜಾಹೀರಾತು ಕೊಟ್ಟಾನು. ದಿನವಿಡೀ ಹಾಡು ಇರಲಿ, ಭಾನುವಾರ ಸಂಜೆ ಎರಡು ಗಂಟೆ ಊರಿನ ಆಟ ಇರಲಿ ಎಂದರೆ ಕೇಂದ್ರಕ್ಕೆ ನಷ್ಟವಾಗದು.

ಗಡಿಯ ಕನ್ನಡದವರಿಗೆ ಇದು ಬರೀ ಮನರಂಜನೆಯ ವಿಷಯವಲ್ಲ. ಮಡಕಶಿರಾ 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಎರಡೂ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ, ಆದರೆ ಶಾಲೆ ಬಿಟ್ಟ ಮೇಲೆ ಮಕ್ಕಳ ಕಿವಿಗೆ ಬೀಳುವ ಕನ್ನಡ ಕಡಿಮೆ. ಹಾಡನ್ನು ಗುನುಗಬಹುದು. ‘ರೈಡ್ ಮಾಡಿದ, ಔಟಾದ, ಪಾಯಿಂಟ್ ಬಂತು’ ಎಂಬ ಮಾತಿನ ಕನ್ನಡ ಹಾಡಿನಲ್ಲಿ ಸಿಗುವುದಿಲ್ಲ. ತಮ್ಮೂರಿನ ಹುಡುಗನ ಹೆಸರು ರೇಡಿಯೊದಲ್ಲಿ ಬಂದರೆ ಜೀನ್ಸ್ ಹೊಲಿಯುವ ಮನೆಗಳಲ್ಲಿ ಮಷೀನು ಒಂದು ಗಳಿಗೆ ನಿಂತೀತು.

ತೊಡಕೂ ಇದೆ. ಎಫ್‌ಎಂ ಅಲೆಗೆ ಗುಡ್ಡ ಅಡ್ಡ ಬಂದರೆ ಕಷ್ಟ, ಎರಡೂ ಊರು ಗುಡ್ಡದ ಬುಡದಲ್ಲಿವೆ. ಹಿಂದೆ ಬೆಂಗಳೂರು, ಧಾರವಾಡದ ಮಧ್ಯಮ ತರಂಗಕ್ಕೆ ಈ ಕಾಟ ಇರಲಿಲ್ಲ. ಹಿಂದೂಪುರ, ಅನಂತಪುರದ ಕೇಂದ್ರಗಳು ಸಹಜವಾಗಿ ತೆಲುಗಿನಲ್ಲೇ ಮಾತಾಡುತ್ತವೆ. ರಾಯದುರ್ಗಕ್ಕೆ ಬಳ್ಳಾರಿಯ ಆಸೆ ಇದೆ. ಮಡಕಶಿರಾಕ್ಕೆ ತುಮಕೂರು ದೂರವಾಯಿತು, ಹಿಂದೂಪುರವೇ ಹತ್ತಿರ. ಅಲ್ಲಿ ಕೇಂದ್ರ ಹಿಡಿಯುವವರ ಬಳಿ ವಾರಕ್ಕೆರಡು ಗಂಟೆ ಕನ್ನಡ ಕೇಳಬೇಕಾದರೆ, ಕೇಂದ್ರ ಶುರುವಾದ ಮೇಲೆ ಅಲ್ಲ, ಕಾರ್ಯಕ್ರಮದ ಪಟ್ಟಿ ಬರೆಯುವ ಮುಂಚೆಯೇ ಕೇಳಬೇಕು.