ನನ್ನ ಹೊಟ್ಟೆಗೂ ಆ ಕರುವಿಗೂ ಏನು ಸಂಬಂಧ ಸ್ವಾಮಿ?

ಮೊನ್ನೆ ಭಾನುವಾರ ನಮ್ಮ ವೀಗನ್ ಗೆಳೆಯರ ಗುಂಪಿನ ಊಟಕ್ಕೆ ಹೋಗಿದ್ದೆ. ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ಮಾಡಿ ತರಬೇಕು, ಹಂಚಿಕೊಂಡು ತಿನ್ನಬೇಕು. ಮಾಂಸ, ಮೊಟ್ಟೆಯಂತೂ ಬಿಡಿ, ಹಾಲು, ಮೊಸರು, ತುಪ್ಪ, ಜೇನುತುಪ್ಪ ಕೂಡ ಇರಕೂಡದು. ಅಷ್ಟೇ ನಿಯಮ. ನಾನು ಎರಡನೇ ಸಲ ಗೋಡಂಬಿ ಪಲಾವ್ ಬಡಿಸಿಕೊಳ್ಳುತ್ತಿದ್ದೆ. ಹೊಸದಾಗಿ ಬಂದಿದ್ದ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಕಣ್ಣು ಹೊಟ್ಟೆಯ ಹತ್ತಿರ ಬಂದು ನಿಂತಿತು. "ಎಷ್ಟು ದಿನ ಆಯ್ತು ನೀವು ವೀಗನ್ ಆಗಿ?" ಅಂದರು. "ಮೂರು ವರ್ಷ" ಅಂದೆ. "ಮೂರು ವರ್ಷ ಆದ್ರೂ..." ಅಂತ ಅಲ್ಲಿಗೇ ನಿಲ್ಲಿಸಿದರು. ಆ ಮೂರು ಚುಕ್ಕೆಯಲ್ಲಿ ಏನಿತ್ತು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ರಾತ್ರಿ ಹೊತ್ತು ಕದ್ದು ತುಪ್ಪ ತಿನ್ನುತ್ತಿರಬೇಕು ಅಂತ!

ಊರಿಗೆ ಹೋದರೆ ಕಥೆ ಉಲ್ಟಾ. ನಮ್ಮದು ತಿಪಟೂರು ಕಡೆ. ನಾನು 77 ಕೆಜಿ ತೂಗುತ್ತಿದ್ದ ಕಾಲದಲ್ಲೂ ದೊಡ್ಡಮ್ಮ ಗಲ್ಲ ಹಿಡಿದು, "ಹಾಲು ಮೊಸ್ರು ಬಿಟ್ಟು ಹೆಂಗ್ ಸೊರಗೋಗಿದೀಯ ನೋಡು ಮಗಾ" ಅಂತ ಕಣ್ಣಲ್ಲಿ ನೀರು ಹಾಕಿಕೊಂಡಿದ್ದರು. ಪ್ಯಾಂಟಿನ ಗುಂಡಿ ಹಾಕೋಕೆ ಉಸಿರು ಬಿಗಿ ಹಿಡಿಯುತ್ತಿದ್ದವನು ನಾನು, ಸೊರಗಿದ್ದು ಎಲ್ಲಿ ಅಂತ ಹುಡುಕಿದೆ, ಸಿಗಲಿಲ್ಲ :-)

ದೊಡ್ಡಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ನಮ್ಮವರ ಮೇಲೆ. ವೀಗನ್ ಆಗಿ, ತೂಕ ಇಳಿಸಿ ಅಂತ ಊರೆಲ್ಲ ಡಂಗುರ ಹೊಡೆಯುತ್ತಿರುವ ನಮ್ಮದೇ ಬಳಗದ ಮೇಲೆ. ಸೊಂಟದ ಸುತ್ತಳತೆಯ ಮುಂಚಿನ ಫೋಟೋ, ಆಮೇಲಿನ ಫೋಟೋ, ಇಷ್ಟು ದಿನದಲ್ಲಿ ಇಷ್ಟು ಕೆಜಿ ಅನ್ನೋ ಗ್ಯಾರಂಟಿ... ಇದು ಸುಳ್ಳು. ಸುಳ್ಳು ಅನ್ನೋದಕ್ಕಿಂತ ಹೆಚ್ಚಾಗಿ, ಇದು ಬೇರೆ ಯಾವುದೋ ಅಂಗಡಿಯ ಸಾಮಾನು.

ನಾನು ಹಾಲು ಬಿಟ್ಟಿದ್ದು ಯಾಕೆ ಅಂತ ಹೇಳಿಬಿಡುತ್ತೇನೆ. ಚಿಕ್ಕಪ್ಪನ ಕೊಟ್ಟಿಗೆಯಲ್ಲಿ ಸೀಮೆಹಸು ಗಂಡುಕರು ಹಾಕಿತು. ಉಳುವುದಕ್ಕೆ ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷ ಆಗಿದೆ, ಸೀಮೆಹಸುವಿನ ಗಂಡುಕರುವಿಗೆ ಯಾರೂ ನೊಗ ಹೂಡುವುದಿಲ್ಲ. ಅದು ಕುಡಿಯುವ ಒಂದೊಂದು ಲೀಟರೂ ಡೈರಿಗೆ ಹಾಕೋ ಲೆಕ್ಕದಲ್ಲಿ ಖೋತಾ. ಮುಂದಿನ ಸಲ ಊರಿಗೆ ಹೋದಾಗ ಕರು ಇರಲಿಲ್ಲ. ಎಲ್ಲಿ ಅಂದೆ. ಚಿಕ್ಕಪ್ಪ ಮಾತು ಬದಲಾಯಿಸಿದರು. ಅವರು ಕೆಟ್ಟವರಲ್ಲ, ಸಾಲ ಇರುವವರು. ಅವತ್ತು ರಾತ್ರಿ ನನಗೆ ಮೊಸರನ್ನ ಗಂಟಲಲ್ಲಿ ಇಳಿಯಲಿಲ್ಲ. ಅಷ್ಟೇ ವಿಷಯ. ಇದರಲ್ಲಿ ನನ್ನ ಹೊಟ್ಟೆ ಎಲ್ಲಿಂದ ಬಂತು?

ವೀಗನ್ ಅನ್ನೋ ಶಬ್ದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಅನ್ನೋ ಮೇಷ್ಟ್ರು ಮತ್ತು ಒಂದಷ್ಟು ಗೆಳೆಯರು ಸೇರಿ ಕಟ್ಟಿದ ಸಂಘ ಅದು. ಆತ ಹುಡುಗನಾಗಿದ್ದಾಗ ಬಂಧುವೊಬ್ಬರ ಫಾರಂನಲ್ಲಿ ಹಂದಿ ಕೊಲ್ಲುವುದನ್ನು ನೋಡಿ ಮಾಂಸ ಬಿಟ್ಟವನು, ಆಮೇಲೆ ಹಾಲನ್ನೂ ಬಿಟ್ಟವನು. ಅವನ ಲೆಕ್ಕದಲ್ಲಿ ತೂಕದ ಯಂತ್ರ ಇರಲಿಲ್ಲ. ಆ ಶಬ್ದ ತಟ್ಟೆಯಲ್ಲಿ ಏನು ಇರಕೂಡದು ಅಂತ ಹೇಳುತ್ತದೆಯೇ ಹೊರತು ಏನು ಇರಬೇಕು, ಎಷ್ಟು ಇರಬೇಕು ಅಂತ ಹೇಳುವುದಿಲ್ಲ. ತೂಕ ನಿಂತಿರುವುದು ಆ ಎರಡನೇ ಪ್ರಶ್ನೆಯ ಮೇಲೆ.

ನಮ್ಮ ಬೆಂಗಳೂರಿನಲ್ಲಿ ಒಂದು ರೌಂಡು ಹೊಡೆಯಿರಿ. ಚಿತ್ರಾನ್ನ ವೀಗನ್ನು. ಪುಳಿಯೋಗರೆ ವೀಗನ್ನು. ಮೆಣಸಿನಕಾಯಿ ಬಜ್ಜಿ, ಆಲೂ ಬೋಂಡಾ, ಎಣ್ಣೆಯಲ್ಲೇ ಕರಿದ ಚಕ್ಕುಲಿ, ಕೋಡುಬಳೆ, ತುಪ್ಪ ಸವರದ ಕಾಯಿ ಹೋಳಿಗೆ, ಸಕ್ಕರೆ, ಕೋಲಾ... ಒಂದು ಹನಿ ಹಾಲಿಲ್ಲ, ಎಲ್ಲವೂ ಪರಿಶುದ್ಧ. ಗಣೇಶನ ಹಬ್ಬದ ಕರಿಗಡುಬು ತಿಂದು ತೂಕ ಇಳಿದವರನ್ನು ಯಾರಾದರೂ ನೋಡಿದ್ದೀರಾ? 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದವರು ವೀಗನ್ ತಿನಿಸಿಗೆ ಅಂತ ಹಸಿರು ಬಣ್ಣದ ಪ್ರತ್ಯೇಕ ಗುರುತು ತಂದರು. ಒಳ್ಳೆಯದೇ. ಆದರೆ ಆ ಗುರುತು ಚಿಪ್ಸ್ ಪೊಟ್ಟಣದ ಮೇಲೂ ಕೂರಬಹುದು ಸ್ವಾಮಿ.

ಈಗ ನನ್ನ ಸ್ವಂತ ಕಥೆಗೆ ಬರುತ್ತೇನೆ. ಹಾಲು ಬಿಟ್ಟಾಗ 71 ಕೆಜಿ ಇದ್ದೆ. 14 ತಿಂಗಳಲ್ಲಿ 77. ನನ್ನ ಎತ್ತರ ಐದಡಿ ಎಂಟಿಂಚು, ಅಂದರೆ ಬಿಎಂಐ 25 ದಾಟಿತು. ಭಾರತೀಯರಿಗೆ 23ಕ್ಕೇ ಅಧಿಕ ತೂಕ, 25ಕ್ಕೇ ಬೊಜ್ಜು ಅಂತ ನಮ್ಮ ವೈದ್ಯರು 2009ರಲ್ಲೇ ಲೆಕ್ಕ ಬರೆದಿಟ್ಟಿದ್ದಾರೆ. ನಾನು ಏನು ತಿನ್ನುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಪ್ರೊಫೈಲರ್ ಓಡಿಸದೆ ಕೋಡ್ ಆಪ್ಟಿಮೈಜ್ ಮಾಡಬೇಡ್ರೋ ಅಂತ ಆಫೀಸಿನಲ್ಲಿ ಜೂನಿಯರ್‌ಗಳಿಗೆ ಬೈಯುವವನು, ಸ್ವಂತ ಹೊಟ್ಟೆ ವಿಷಯದಲ್ಲಿ ಬರೀ ಊಹೆ ಮೇಲೆ ನಡೆಸುತ್ತಿದ್ದೆ. ಕೊನೆಗೆ ಅಡುಗೆಮನೆಗೊಂದು ಪುಟ್ಟ ತಕ್ಕಡಿ ತಂದೆ. ಎರಡು ವಾರ ಎಲ್ಲ ತೂಗಿ ಬರೆದೆ. ರೂಮ್‌ಮೇಟ್ ನನ್ನನ್ನು ಚಿನ್ನದ ಅಂಗಡಿ ಶೆಟ್ಟಿ ಅಂತ ಕರೆದ.

ಮೊದಲ ಕಳ್ಳ, ಎಣ್ಣೆ. ಇಬ್ಬರೇ ಇರುವ ಮನೆಗೆ ತಿಂಗಳಿಗೆ ಮೂರು ಲೀಟರ್. ತಲೆಗೆ ದಿನಕ್ಕೆ 50 ಎಂಎಲ್, ಅಂದರೆ 45 ಗ್ರಾಂ ಚಿಲ್ಲರೆ. ಗ್ರಾಮಿಗೆ 9 ಕ್ಯಾಲರಿಯಂತೆ 400 ದಾಟುತ್ತದೆ, ಬರೀ ಒಗ್ಗರಣೆಯಲ್ಲಿ! ಎರಡನೆಯದು ಮೊಸರು ಬಿಟ್ಟ ಜಾಗಕ್ಕೆ ಬಂದು ಕೂತ ಹೊಸ ನೆಂಟರು. ಮುಂಚೆ ಊಟದ ಕೊನೆಗೆ ಒಂದು ಬಟ್ಟಲು ಮೊಸರು ಇರುತ್ತಿತ್ತು. 200 ಗ್ರಾಂ ಅಂದರೂ 120 ಕ್ಯಾಲರಿ, ಜೊತೆಗೆ 6 ಗ್ರಾಂ ಪ್ರೋಟೀನು. ಅದು ಹೋಯಿತು. ಊಟ ಮುಗಿದ ಹಾಗೇ ಅನಿಸುತ್ತಿರಲಿಲ್ಲ. ಹಾಗಾಗಿ ಇನ್ನೊಂದು ಸುತ್ತು ಅನ್ನ, ಮೇಲೆ ಕೊಬ್ಬರಿ ಚಟ್ನಿಪುಡಿ, ಅದಕ್ಕೆ ಎಣ್ಣೆ. ನಾಲ್ಕು ಗಂಟೆಗೆ ಮೇಜಿನ ಮೇಲೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. "ಆರೋಗ್ಯಕ್ಕೆ ಒಳ್ಳೇದು" ಅಂತ. 50 ಗ್ರಾಮಿಗೆ 270 ಕ್ಯಾಲರಿ ಹತ್ತಿರ ಅಂತ ಯಾರಿಗೆ ಗೊತ್ತಿತ್ತು? ಕೊಬ್ಬರಿ 100 ಗ್ರಾಮಿಗೆ 600 ಮೀರುತ್ತದೆ. ತಿಪಟೂರಿನವನಿಗೆ ಕೊಬ್ಬರಿ ತೂಗಿ ತಿನ್ನು ಅನ್ನುವುದು ಎಂಥ ಹಿಂಸೆ ಅಂತ ನಿಮಗೆ ಗೊತ್ತಾಗಲಿಕ್ಕಿಲ್ಲ, ಬಿಡಿ.

ಒಂದು ಕೆಜಿ ಮೈತೂಕಕ್ಕೆ ಸುಮಾರು 7700 ಕ್ಯಾಲರಿ ಅನ್ನುವ ಒರಟು ಲೆಕ್ಕವೊಂದಿದೆ. ಅದರ ಪ್ರಕಾರ 14 ತಿಂಗಳಲ್ಲಿ 6 ಕೆಜಿ ಏರಲು ದಿನಕ್ಕೆ ನೂರು ಚಿಲ್ಲರೆ ಕ್ಯಾಲರಿ ಹೆಚ್ಚಾದರೆ ಸಾಕು. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಇದೆ. ನನ್ನ ಮಹಾಪಾಪ ಇಷ್ಟೇ!

"ಆದರೆ ಸಂಶೋಧನೆ ಬೇರೆ ಹೇಳುತ್ತಲ್ಲ" ಅಂತ ನಮ್ಮವರು ಲಿಂಕು ಕಳಿಸುತ್ತಾರೆ. ಹೌದು, ನಾನೂ ಓದಿದ್ದೇನೆ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು 22 ಜೋಡಿ ತದ್ರೂಪಿ ಅವಳಿಗಳನ್ನು ತೆಗೆದುಕೊಂಡು, ಒಬ್ಬರಿಗೆ ವೀಗನ್, ಇನ್ನೊಬ್ಬರಿಗೆ ಮಾಂಸವೂ ಇರುವ ಆರೋಗ್ಯಕರ ಊಟ ಅಂತ 8 ವಾರ ನಡೆಸಿದರು. ವೀಗನ್ ಕಡೆಯವರ ತೂಕ ಸರಾಸರಿ 1.9 ಕೆಜಿ ಹೆಚ್ಚು ಇಳಿಯಿತು. ಇದೇ ಪ್ರಯೋಗ 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲೂ ಬಂತು. ಆದರೆ ಮೊದಲ ನಾಲ್ಕು ವಾರ ಊಟವನ್ನು ಅವರೇ ಮನೆ ಬಾಗಿಲಿಗೆ ಕಳಿಸಿದ್ದರು, ಬೋಂಡಾ ಕಳಿಸಲಿಲ್ಲ. ಅದಕ್ಕಿಂತ ನನಗೆ ಹಿಡಿಸಿದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದಾಗ ಕೆವಿನ್ ಹಾಲ್ ಮಾಡಿದ ಎರಡು ಪ್ರಯೋಗ. 2021ರದ್ದರಲ್ಲಿ 20 ಜನರಿಗೆ ಎರಡು ವಾರ ಕೊಬ್ಬು ಕಡಿಮೆ ಇರುವ ಸಸ್ಯಮೂಲದ ಊಟ, ಎರಡು ವಾರ ಪಿಷ್ಟ ತೀರಾ ಕಡಿಮೆ ಇರುವ ಮಾಂಸದ ಊಟ, ಎಷ್ಟು ಬೇಕಾದರೂ ತಿನ್ನಿ ಅಂತ. ಸಸ್ಯದ ಊಟದಲ್ಲಿ ಜನ ದಿನಕ್ಕೆ 550ರಿಂದ 700 ಕ್ಯಾಲರಿ ಕಡಿಮೆ ತಿಂದರು, ಹಸಿವಾಯಿತು ಅಂತ ಗೊಣಗಲೂ ಇಲ್ಲ. 2019ರದ್ದರಲ್ಲಿ ಅದೇ ಹಾಲ್, ಕಾರ್ಖಾನೆಯ ಪೊಟ್ಟಣದ ತಿಂಡಿ ಕೊಟ್ಟಾಗ ಜನ ದಿನಕ್ಕೆ 500 ಕ್ಯಾಲರಿ ಹೆಚ್ಚು ತಿಂದು ಎರಡೇ ವಾರದಲ್ಲಿ 0.9 ಕೆಜಿ ಏರಿದ್ದರು. ಎರಡನ್ನೂ ಒಟ್ಟಿಗೆ ಇಟ್ಟು ಓದಿ. ತೂಕ ಇಳಿಸಿದ್ದು ತಟ್ಟೆ ತುಂಬ ಇದ್ದ ಕಾಳು, ತರಕಾರಿ, ಅವುಗಳ ಜೊತೆ ಬರುವ ನಾರು, ನೀರು. ಹಾಲಿಲ್ಲದ ಐಸ್‌ಕ್ರೀಮಿಗೂ ಗೋಡಂಬಿ ಚೀಸ್‌ಕೇಕಿಗೂ ಆ ಕೀರ್ತಿಯಲ್ಲಿ ಪಾಲಿಲ್ಲ.

ಇಷ್ಟೆಲ್ಲ ಯಾಕೆ ಕೂಗಾಡುತ್ತಿದ್ದೇನೆ ಅಂದರೆ, ಇದರಲ್ಲಿ ಪೆಟ್ಟು ತಿಂದವರನ್ನು ನೋಡಿದ್ದೇನೆ. ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳತಿ. ಮದುವೆ ನಿಶ್ಚಯವಾಗಿತ್ತು, ತೂಕ ಇಳಿಸಬೇಕಿತ್ತು. ಒಬ್ಬ 'ವೀಗನ್ ಕೋಚ್' ದುಡ್ಡು ತೆಗೆದುಕೊಂಡು ಮೂರು ತಿಂಗಳಲ್ಲಿ ಹತ್ತು ಕೆಜಿ ಅಂತ ಮಾತು ಕೊಟ್ಟ. ಬೆಳಿಗ್ಗೆ ಹಣ್ಣು, ಮಧ್ಯಾಹ್ನ ಸಲಾಡು, ರಾತ್ರಿ ಸೂಪು. ಕಾಳಿಲ್ಲ, ಬೇಳೆ ಇಲ್ಲ. ಬಿ12 ಮಾತ್ರೆಯ ಸುದ್ದಿಯೇ ಇಲ್ಲ. ಮೊದಲು ತೂಕ ಇಳಿಯಿತು. ಆಮೇಲೆ ಕೂದಲು ಉದುರಿತು, ಪಾದದಲ್ಲಿ ಜುಮುಜುಮು ಶುರುವಾಯಿತು. ರಕ್ತ ಪರೀಕ್ಷೆಯಲ್ಲಿ ಬಿ12 ನೆಲ ಕಚ್ಚಿತ್ತು. ಮುಂಚಿನಿಂದಲೇ ಕಡಿಮೆ ಇದ್ದಿರಬೇಕು, ಇದು ಪೂರ್ತಿ ಬತ್ತಿಸಿತು ಅಂದರಂತೆ ಡಾಕ್ಟರು. ಗಿಡದ ಆಹಾರದಲ್ಲಿ ನಂಬಿಕೊಳ್ಳುವಷ್ಟು ಬಿ12 ಇಲ್ಲ, ವೀಗನ್ ಆದವರು ಮಾತ್ರೆ ನುಂಗಲೇಬೇಕು. ಇದು ನಮ್ಮ ಬಳಗದ ಪ್ರತಿಯೊಬ್ಬರಿಗೂ ಗೊತ್ತು. ಆದರೆ ಪೋಸ್ಟರಿನಲ್ಲಿ ಹಾಕುವುದಿಲ್ಲ, ಹಾಕಿದರೆ ಗಿರಾಕಿ ಓಡಿಹೋಗುತ್ತಾರಲ್ಲ! ಅವಳು ಇಂಜೆಕ್ಷನ್ ತೆಗೆದುಕೊಂಡಳು, ಚಿಕನ್‌ಗೆ ವಾಪಸ್ ಹೋದಳು, ಇಳಿದ ತೂಕವೂ ವಾಪಸ್ ಬಂತು. ಈಗ ವೀಗನ್ ಅಂದರೆ ಮೋಸ ಅಂತ ಸಿಕ್ಕವರಿಗೆಲ್ಲ ಹೇಳುತ್ತಾಳೆ. ಹೇಗೆ ಅಲ್ಲ ಅನ್ನಲಿ? ಆ ಕರುವಿನ ವಿಷಯ ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ. ನಾನೂ ಹೇಳಿರಲಿಲ್ಲ. ಪಕ್ಕದಲ್ಲೇ ಕೂತು ಅವಳ ಸಲಾಡು ನೋಡಿ "ಸೂಪರ್, ಗುಡ್" ಅಂದಿದ್ದೆ.

ಗುಂಪಿನ ಹಿರಿಯ ಗೆಳೆಯರೊಬ್ಬರು ನನ್ನ ಜೊತೆ ಇದಕ್ಕೆ ವಾದ ಮಾಡಿದರು. "ಯಾವ ನೆಪದಲ್ಲಿ ಬಂದರೇನು, ಹಾಲು ಬಿಟ್ಟರೆ ಹಸುವಿಗೆ ಒಳ್ಳೆಯದೇ ತಾನೆ?" ಅಂತ. ಕೇಳೋಕೆ ಸರಿ ಅನಿಸುತ್ತದೆ. ಆದರೆ ತೂಕದ ಯಂತ್ರ ನೋಡಿ ಬಂದವರು ಅದೇ ಯಂತ್ರ ನೋಡಿ ಹೊರಟು ಹೋಗುತ್ತಾರೆ. ಮುಳ್ಳು ಅಲ್ಲಾಡದ ವಾರ ಅವರನ್ನು ಹಿಡಿದು ನಿಲ್ಲಿಸೋಕೆ ನಿಮ್ಮ ಹತ್ತಿರ ಏನಿದೆ? ನನ್ನ ತೂಕ 14 ತಿಂಗಳು ಏರುತ್ತಾ ಹೋದರೂ ನಾನು ಬಿಡಲಿಲ್ಲ, ಯಾಕೆಂದರೆ ನಾನು ಬಂದಿದ್ದು ಅದಕ್ಕಲ್ಲ.

ತೂಕ ಇಳಿಸಬಾರದು ಅಂತಲ್ಲ ಮತ್ತೆ. ನನಗೂ ಇಳಿಸಬೇಕಿತ್ತು, ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಆದರೆ ಅದು ಬೇರೆ ಕೆಲಸ, ಬೇರೆ ಟಿಕೆಟ್ಟು. ಮಾಡಿದ್ದು ಇಷ್ಟು: ಎಣ್ಣೆಯನ್ನು ಚಮಚದಲ್ಲಿ ಅಳೆದೆ, ಮೂರು ಲೀಟರ್ ಒಂದೂವರೆಗೆ ಬಂತು. ಬಟ್ಟಲು ತುಂಬ ಕಾಳು ಮೊದಲು, ಅನ್ನ ಆಮೇಲೆ. ನನ್ನ ತೂಕಕ್ಕೆ ದಿನಕ್ಕೆ 60 ಗ್ರಾಂ ಆದರೂ ಪ್ರೋಟೀನು ಬೇಕು, ತಕ್ಕಡಿ ತಂದಾಗ 40 ಕೂಡ ಆಗುತ್ತಿರಲಿಲ್ಲ. 30 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 15, 50 ಗ್ರಾಂ ಹುರುಳಿಕಾಳಿನಲ್ಲಿ 11 ಸಿಗುತ್ತದೆ. ಹುರುಳಿಕಾಳಿನ ಬಸ್ಸಾರು, ಅದರದ್ದೇ ಪಲ್ಯ, ಮಸೊಪ್ಪು, ಕೋಸಂಬರಿ. ಇವಕ್ಕೆಲ್ಲ ಯಾವ ಕೋಚೂ ಬೇಕಾಗಿರಲಿಲ್ಲ, ಅಮ್ಮನಿಗೆ ಫೋನ್ ಮಾಡಿದರೆ ಸಾಕಾಯಿತು. ಹಾಗಂತ ರಾಗಿಮುದ್ದೆ ತಿಂದರೆ ತೆಳ್ಳಗಾಗುತ್ತಾರೆ ಅಂತ ಹೇಳುವ ಇನ್ನೊಂದು ಪಂಗಡ ಇದೆಯಲ್ಲ, ಅವರೂ ಸ್ವಲ್ಪ ಕೇಳಿಸಿಕೊಳ್ಳಿ. 100 ಗ್ರಾಂ ಅಕ್ಕಿಯಲ್ಲಿ 350 ಕ್ಯಾಲರಿ ಆದರೆ ರಾಗಿಯಲ್ಲಿ 320. ನಾರು ಜಾಸ್ತಿ, ಅದು ಒಳ್ಳೆಯದು. ಆದರೆ ಹೊಲ ಉಳುತ್ತಿದ್ದ ತಾತನ ಎರಡು ಮುದ್ದೆಯನ್ನು ಕೀಬೋರ್ಡು ಕುಟ್ಟುವ ಮೊಮ್ಮಗ ನುಂಗಿದರೆ ಮುದ್ದೆ ಏನು ಮಾಡೀತು ಪಾಪ.

ಒಂಬತ್ತು ತಿಂಗಳಿಗೆ 73ಕ್ಕೆ ಬಂದೆ, ಅಲ್ಲೇ ನಿಂತಿದ್ದೇನೆ. ಹೊಟ್ಟೆ ಇನ್ನೂ ಇದೆ, ಭಾನುವಾರದವರು ಸರಿಯಾಗಿಯೇ ನೋಡಿದ್ದಾರೆ. ಮುಂದಿನ ಊಟಕ್ಕೆ ಹುರುಳಿಕಾಳು ಉಸಲಿ ಮಾಡಿಕೊಂಡು ಹೋಗುತ್ತೇನೆ, ಅವರ ಪಕ್ಕದಲ್ಲೇ ಕೂತು ಆ ಕರುವಿನ ಕಥೆ ಪೂರ್ತಿ ಹೇಳುತ್ತೇನೆ. ಪಕ್ಕದ ಸೀಟಿನವಳಿಗೂ ಹೇಳಬೇಕು, ಇನ್ನೂ ಧೈರ್ಯ ಬಂದಿಲ್ಲ. ಈ ತಿಂಗಳು ಎಣ್ಣೆ ಒಂದೂವರೆ ಲೀಟರಿಗೂ ಕಮ್ಮಿ ಆಗಿದೆ. ದೋಸೆ ಕಾವಲಿಗೆ ಅಂಟಿಕೊಳ್ಳುತ್ತಿದೆ ಅಂತ ರೂಮ್‌ಮೇಟ್ ಒಳಗಿನಿಂದ ಬೈಯುತ್ತಿದ್ದಾನೆ, ಹೋಗಿ ನೋಡಬೇಕು.