ವೇಗದ ವ್ಯಾಮೋಹ, ಬಾಣದ ಭಾರ



ಶಾಲೆ, ಊರು, ಕೆರೆ, ಜಾತ್ರೆಗಳ ನೆನಪುಗಳನ್ನೇ ಬರೆಯುತ್ತ ಬಂದ ನಿವೃತ್ತ ಮೇಷ್ಟ್ರು ಈಗ ಬೇಟೆಯ ಬಾಣದ ಮೇಲೆ ಬರೆಯಲು ಕುಳಿತಿರುವುದನ್ನು ಕಂಡು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಕಾರಣವಿಷ್ಟೆ: ಹತ್ತನೆಯ ತರಗತಿಯಲ್ಲಿ ನನ್ನಿಂದ ಭೌತಶಾಸ್ತ್ರ ಕಲಿತ ಒಬ್ಬ ಹುಡುಗ ಈಗ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿದ್ದಾನೆ. ನೆರೆಹೊರೆಯವರ ಸಹವಾಸದಿಂದ ಬಿಲ್ಲುಬೇಟೆಯ ಅಭ್ಯಾಸ ಹಿಡಿದು, ಪರವಾನಗಿಯನ್ನೂ ಪಡೆದಿದ್ದಾನೆ. ಅಲ್ಲಿ ಅಕ್ಟೋಬರ್ 1ರಂದು ಬಿಲ್ಲಿನಿಂದ ಜಿಂಕೆ ಬೇಟೆಯಾಡುವ ಋತು ಆರಂಭವಾಗುತ್ತದೆ. ಅವನು ಫೋನಿನಲ್ಲಿ ಕೇಳಿದ್ದು: "ಸರ್, ಕಾರ್ಬನ್ ಬಾಣ ಕೊಳ್ಳಬೇಕು. ಹಗುರವಾಗಿದ್ದಷ್ಟೂ ವೇಗ, ವೇಗವಿದ್ದಷ್ಟೂ ಒಳ್ಳೆಯದು ಅಂತಾರೆ ಅಂಗಡಿಯವರು. ನೀವು ಫಿಸಿಕ್ಸ್ ಮೇಷ್ಟ್ರು, ಏನಂತೀರಿ?"

ಅಂಗಡಿಯವರ ಮಾತು ತಪ್ಪು ಎನ್ನುತ್ತೇನೆ. ಕಾರಣಗಳನ್ನು ಇಲ್ಲಿ ಎಲ್ಲರ ಮುಂದೆಯೇ ಇಡುತ್ತೇನೆ.

ಮೊದಲು ಒಂದು ಆಕ್ಷೇಪಕ್ಕೆ ಉತ್ತರ. "ಸಸ್ಯಾಹಾರಿ ಮೇಷ್ಟ್ರಿಗೆ ಬೇಟೆಯ ಉಸಾಬರಿ ಏಕೆ?" ಎಂದು ನಮ್ಮ ಮನೆಯಲ್ಲೇ ಕೇಳಿದವರಿದ್ದಾರೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಾಗಿ ಜಿಂಕೆ ಬೇಟೆ ಅಪರಾಧ. ಅದು ಹಾಗೆಯೇ ಇರಲಿ. ಮಿಷಿಗನ್ನಿನ ಸ್ಥಿತಿ ಬೇರೆ. ಅಲ್ಲಿ ಜಿಂಕೆಗಳು ವಿಪರೀತವಾಗಿದ್ದು, ಈಚಿನ ವರ್ಷಗಳಲ್ಲಿ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ವಾಹನಗಳು ಅವಕ್ಕೆ ಡಿಕ್ಕಿ ಹೊಡೆಯುತ್ತಿವೆ. ಬೇಟೆಯ ಬಂದೂಕುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೇ ಮೀಸಲಿಟ್ಟ 1937ರ ಕಾಯಿದೆ ಅಲ್ಲಿದೆ. ಬಿಲ್ಲುಬಾಣಗಳೂ 1972ರ ತಿದ್ದುಪಡಿಯಿಂದ ಅದರ ವ್ಯಾಪ್ತಿಗೆ ಬಂದವು. ಬೇಟೆ ಬೇಕೇ ಬೇಡವೇ ಎಂಬುದು ಇಲ್ಲಿ ನನ್ನ ಚರ್ಚೆಯಲ್ಲ. ಬಾಣ ಬಿಡುವುದೆಂದು ನಿರ್ಧರಿಸಿದವನು ಆ ಪ್ರಾಣಿಗೆ ಏನನ್ನು ಸಲ್ಲಿಸಬೇಕು ಎಂಬುದು ಚರ್ಚೆ. ಅರೆಬರೆ ನಾಟಿದ ಬಾಣವನ್ನು ಹೊತ್ತು ಕಾಡಿನೊಳಗೆ ಓಡಿಹೋಗಿ, ದಿನಗಟ್ಟಲೆ ನರಳಿ ಸಾಯುವ ಜಿಂಕೆಗೆ ಅಂಗಡಿಯ ಜಾಹೀರಾತಿನಿಂದ ಯಾವ ಸಮಾಧಾನವೂ ಸಿಗದು.

ಈಗ ಲೆಕ್ಕಕ್ಕೆ ಬರೋಣ. ಬಾಣದ ತೂಕವನ್ನು ಅಲ್ಲಿ ಗ್ರೇನ್‌ಗಳಲ್ಲಿ ಹೇಳುತ್ತಾರೆ. ಒಂದು ಗ್ರೇನ್ ಎಂದರೆ 0.065 ಗ್ರಾಂ, ನಮ್ಮ ಅಕ್ಕಸಾಲಿಗರ ಅರ್ಧ ಗುಲಗಂಜಿ ಎಂದಿಟ್ಟುಕೊಳ್ಳಿ. ಜಾಹೀರಾತುಗಳಲ್ಲಿ ಕಾಣುವ ಬಿಲ್ಲಿನ ವೇಗವನ್ನು ಸಾಮಾನ್ಯವಾಗಿ ಅಳೆಯುವುದು 70 ಪೌಂಡ್ ಸೆಳೆತ, 30 ಇಂಚು ಸೆಳೆತದ ಉದ್ದ ಮತ್ತು 350 ಗ್ರೇನ್ ಬಾಣ ಇಟ್ಟುಕೊಂಡು. ಅಂದರೆ ಒಂದು ಪೌಂಡ್ ಸೆಳೆತಕ್ಕೆ 5 ಗ್ರೇನ್. ಅದಕ್ಕಿಂತ ಹಗುರವಾದ ಬಾಣ ಬಿಟ್ಟರೆ ಬಿಲ್ಲಿಗೇ ಅಪಾಯವೆಂದು ಬಹುತೇಕ ತಯಾರಕರು ಎಚ್ಚರಿಸುತ್ತಾರೆ. ಹೀಗೆ ಸುರಕ್ಷತೆಯ ಕನಿಷ್ಠ ಮಿತಿ ಯಾವುದೋ ಅದನ್ನೇ ಮಾರಾಟಗಾರರು ಆದರ್ಶವೆಂದು ಮಾರುತ್ತಿದ್ದಾರೆ. ಮೂವತ್ತೈದು ಅಂಕಕ್ಕೆ ಪಾಸಾಗುವುದೇ ವಿದ್ಯೆಯ ಗುರಿ ಎಂದ ಹಾಗಾಯಿತು!

ಒಂದು ಉದಾಹರಣೆ ಕೊಡುತ್ತೇನೆ. 350 ಗ್ರೇನಿನ, ಅಂದರೆ 22.7 ಗ್ರಾಮಿನ ಬಾಣ ಸೆಕೆಂಡಿಗೆ 91 ಮೀಟರ್ ವೇಗದಲ್ಲಿ ಹೋಗುತ್ತದೆನ್ನಿ. ಅದೇ ಬಿಲ್ಲಿನಿಂದ 500 ಗ್ರೇನಿನ, ಅಂದರೆ 32.4 ಗ್ರಾಮಿನ ಬಾಣ ಸುಮಾರು 77 ಮೀಟರ್ ವೇಗ ಪಡೆಯುತ್ತದೆ. ಎರಡರ ಚಲನಶಕ್ತಿಯೂ ಹೆಚ್ಚುಕಡಿಮೆ ಒಂದೇ, 95 ಜೂಲ್‌ನ ಆಸುಪಾಸು. ಆದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿ ನೋಡಿ. ಸಂವೇಗ ಮೊದಲನೆಯದಕ್ಕೆ 2.07, ಎರಡನೆಯದಕ್ಕೆ 2.5, ಐದನೆಯ ಒಂದು ಪಾಲು ಹೆಚ್ಚು. ಮೊನೆಯ ಹರಿತ ಮತ್ತು ಆಕಾರ ಸಮವಾಗಿದ್ದರೆ, ಪಕ್ಕೆಲುಬನ್ನು ಭೇದಿಸಿ ಆಳಕ್ಕೆ ಇಳಿಯುವುದು ಈ ಎರಡನೆಯ ಬಾಣವೇ. ಅಷ್ಟೇ ಅಲ್ಲ, ಬಿಲ್ಲಿನ ಶಕ್ತಿಯನ್ನು ಭಾರದ ಬಾಣ ಹೆಚ್ಚಾಗಿ ಹೀರಿಕೊಳ್ಳುವುದರಿಂದ ಬಿಲ್ಲಿನ ಅದುರುವಿಕೆಯೂ ಸದ್ದೂ ತಗ್ಗುತ್ತವೆ.

ಸದ್ದಿನ ಮಾತು ಬಂತಲ್ಲ, ಅದನ್ನೂ ನೋಡೋಣ. "ಬಾಣ ವೇಗವಾಗಿದ್ದರೆ ಜಿಂಕೆ ತಪ್ಪಿಸಿಕೊಳ್ಳಲಾರದು" ಎಂಬುದು ಎದುರಾಳಿಗಳ ಬ್ರಹ್ಮಾಸ್ತ್ರ. ದಶರಥನು ಸದ್ದನ್ನು ಕೇಳಿ ಬಾಣ ಬಿಟ್ಟ. ಇಲ್ಲಿ ಬಾಣದ ಸದ್ದನ್ನು ಜಿಂಕೆಯೇ ಕೇಳುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಇಪ್ಪತ್ತು ಮೀಟರ್ ದೂರದ ಜಿಂಕೆಗೆ ಹೆದೆಯ ಸದ್ದು 0.06 ಸೆಕೆಂಡಿನಲ್ಲಿ ಮುಟ್ಟುತ್ತದೆ. ಗಾಳಿಯ ತಡೆಯನ್ನು ಬದಿಗಿಟ್ಟರೆ ಹಗುರ ಬಾಣ ಮುಟ್ಟುವುದು 0.22 ಸೆಕೆಂಡಿಗೆ, ಭಾರದ ಬಾಣ 0.26ಕ್ಕೆ. ಎರಡೂ ಶಬ್ದಕ್ಕೆ ಸೋತವೇ. ಆ 0.04 ಸೆಕೆಂಡಿನ ಲಾಭಕ್ಕಾಗಿ ಭೇದಿಸುವ ಸಾಮರ್ಥ್ಯವನ್ನು ಬಿಟ್ಟುಕೊಟ್ಟು, ಬಿಲ್ಲಿನ ಸದ್ದನ್ನೂ ಹೆಚ್ಚಿಸಿಕೊಳ್ಳುವುದು ಯಾವ ಜಾಣತನ?

"ದೂರದ ಅಂದಾಜು ತಪ್ಪಿದರೆ ವೇಗದ ಬಾಣ ಕಾಪಾಡುತ್ತದೆ" ಎಂಬುದು ಇನ್ನೊಂದು ವಾದ. ಇದರಲ್ಲಿ ಸತ್ಯಾಂಶವಿದೆ, ಆದರೆ ಎಷ್ಟು? ಇಪ್ಪತ್ತು ಮೀಟರೆಂದು ಗುರಿಯಿಟ್ಟ ಜಿಂಕೆ ನಿಜಕ್ಕೂ 23 ಮೀಟರ್ ದೂರದಲ್ಲಿದ್ದರೆ, ಹಗುರ ಬಾಣ ಸುಮಾರು 4 ಸೆಂಟಿಮೀಟರ್ ಕೆಳಗೆ ಬೀಳುತ್ತದೆ, ಭಾರದ್ದು ಸುಮಾರು 6. ಹೃದಯ, ಶ್ವಾಸಕೋಶಗಳ ಗುರಿಯ ಅಗಲ 20 ಸೆಂಟಿಮೀಟರಿನಷ್ಟಿದೆ. ಈ ಎರಡು ಸೆಂಟಿಮೀಟರಿಗೆ ಹೆದರುವವನು ದೂರ ಅಳೆಯುವ ಲೇಸರ್ ಯಂತ್ರ ಕೊಳ್ಳಲಿ. ಇಲ್ಲವೇ ಜಿಂಕೆ ಇನ್ನಷ್ಟು ಹತ್ತಿರ ಬರುವ ತನಕ ಕಾಯಲಿ. ಕಾಯುವುದೇ ಬಿಲ್ಲುಬೇಟೆಯ ಮುಖ್ಯ ವಿದ್ಯೆಯಲ್ಲವೇ?

ತೂಕದಷ್ಟೇ ಮುಖ್ಯವಾದದ್ದು ಬಾಣದ ದಂಡದ ಬಿಗಿತ. ಇದಕ್ಕೆ ಅವರು 'ಸ್ಪೈನ್' ಎನ್ನುತ್ತಾರೆ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ದಂಡವನ್ನಿಟ್ಟು, ನಡುವೆ 880 ಗ್ರಾಂ ತೂಕ ತೂಗಿಬಿಟ್ಟಾಗ ಅದು ಎಷ್ಟು ಬಾಗುತ್ತದೋ ಅದನ್ನು ಇಂಚಿನ ಸಾವಿರದ ಭಾಗಗಳಲ್ಲಿ ಹೇಳಿದರೆ ಆ ಅಂಕಿ ಬರುತ್ತದೆ. 400 ಎಂದರೆ 0.4 ಇಂಚು ಬಾಗಿತು ಎಂದರ್ಥ. ಅಂಕಿ ಚಿಕ್ಕದಾದಷ್ಟೂ ದಂಡ ಬಿಗಿ. ಹೆದೆ ದೂಡಿದಾಗ ಬಾಣ ನೆಟ್ಟಗೆ ಹೋಗುವುದಿಲ್ಲ, ಮೀನಿನಂತೆ ಬಳುಕುತ್ತ ಹೋಗುತ್ತದೆ. ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ 1943ರಷ್ಟು ಹಿಂದೆಯೇ ಬಿಲ್ಲುಬಾಣಗಳ ಭೌತಶಾಸ್ತ್ರವನ್ನು ಕುರಿತು ವಿದ್ವತ್ಪೂರ್ಣ ಲೇಖನ ಬರೆದಿದ್ದಾರೆ. ಈ ಬಳುಕು ಬಿಲ್ಲಿಗೆ ಹೊಂದಬೇಕು. ದಂಡ ಉದ್ದವಾದರೆ ಹೆಚ್ಚು ಬಾಗುತ್ತದೆ, ಮೊನೆ ಭಾರವಾದರೂ ಹೆಚ್ಚು ಬಾಗುತ್ತದೆ. ಆದ್ದರಿಂದ ಭಾರದ ಮೊನೆ ಹಾಕುವವನು ಬಿಗಿಯಾದ ದಂಡವನ್ನೇ ಆರಿಸಬೇಕು. ಅಭ್ಯಾಸದ ಮೊನೆಯಲ್ಲಿ ಈ ದೋಷ ಕಾಣದೆ ಹೋಗಬಹುದು; ಬೇಟೆಯ ಅಗಲ ಅಲಗು ಮುಂದೆ ರೆಕ್ಕೆಯಂತೆ ವರ್ತಿಸಿ ಅದನ್ನು ಹಲವು ಪಟ್ಟು ಹಿಗ್ಗಿಸುತ್ತದೆ.

ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಅಂಥದೊಂದು ಅಂಗಡಿಯನ್ನು ನಾನೇ ಹೊಕ್ಕು ನೋಡಿದ್ದೇನೆ. ನೇರತನ 0.006 ಇಂಚಿನೊಳಗೆ ಇರುವ ಡಜನ್ನಿಗಿಂತ 0.001ರೊಳಗಿನ ಡಜನ್ನಿಗೆ ಬಹಳ ಹೆಚ್ಚಿನ ಬೆಲೆ. ಆ ವ್ಯತ್ಯಾಸ ಒಂದೆರಡು ತಲೆಗೂದಲಿನ ದಪ್ಪ! ಒಲಿಂಪಿಕ್ಸಿನಲ್ಲಿ 70 ಮೀಟರ್ ದೂರಕ್ಕೆ ಎಸೆಯುವವರಿಗೆ ಅದು ಬೇಕಿರಬಹುದು. ಇಪ್ಪತ್ತು ಮೀಟರಿನ ಬೇಟೆಗಾರ ಆ ಹಣವನ್ನು ಹರಿತವಾದ ಅಲಗಿಗೂ ಅಭ್ಯಾಸಕ್ಕೂ ಖರ್ಚು ಮಾಡಲಿ.

ಹಾಗೆಂದು ಭಾರವನ್ನೇ ದೇವರೆಂದು ಪೂಜಿಸಬೇಕಿಲ್ಲ. ದಕ್ಷಿಣ ಆಫ್ರಿಕದ ನಟಾಲಿನಲ್ಲಿ 1980ರ ದಶಕದಲ್ಲಿ ಪ್ರಯೋಗಗಳನ್ನು ಆರಂಭಿಸಿದ ಎಡ್ ಆ್ಯಶ್ಬಿ, ಭಾರೀ ಮೂಳೆಯನ್ನು ಮುರಿಯಲು ಸುಮಾರು 650 ಗ್ರೇನ್ ಬೇಕೆಂದರು. ಅದು ದೊಡ್ಡ ಪ್ರಾಣಿಗಳ ದಪ್ಪ ಮೂಳೆಗಳ ಮಾತು. ಮಿಷಿಗನ್ನಿನ ಬಿಳಿಬಾಲದ ಜಿಂಕೆಗೆ 450ರಿಂದ 500 ಗ್ರೇನ್ ಸಾಕೆಂಬುದು ನನ್ನ ಮತ.

ಕೊನೆಯದಾಗಿ ಕಾರ್ಬನ್ನಿನ ಸ್ವಭಾವ. ಅಲ್ಯೂಮಿನಿಯಂ ಬಾಣ ಸೊಟ್ಟಗಾಗಿ ತನ್ನ ದೋಷವನ್ನು ತಾನೇ ಹೇಳುತ್ತದೆ. ಕಾರ್ಬನ್ ಸೊಟ್ಟಗಾಗದು, ನೆಟ್ಟಗಿರುತ್ತದೆ ಇಲ್ಲವೇ ಮುರಿಯುತ್ತದೆ. ಒಳಗೆ ಸೀಳು ಬಿಟ್ಟ ದಂಡ ಬಿಲ್ಲಿನಿಂದ ಹೊರಡುವಾಗಲೇ ಸಿಡಿದು ಎಸೆಯುವವನ ಕೈಗೆ ಹೊಕ್ಕೀತು. ಆದ್ದರಿಂದ ಪ್ರತಿ ಸಲ ಬಿಡುವ ಮುನ್ನ ಬಾಣವನ್ನು ಕೈಯಲ್ಲಿ ಮೆಲ್ಲನೆ ಬಾಗಿಸಿ, ತಿರುಗಿಸಿ, ಚಟಪಟ ಸದ್ದಿದೆಯೇ ಎಂದು ಕಿವಿಗೊಡಬೇಕು. ಸಂಶಯ ಬಂದರೆ ಮುರಿದೇ ಎಸೆಯಬೇಕು. ಪ್ರಾಣಿಯ ದೇಹದೊಳಗೆ ಬಾಣ ಮುರಿದಿದ್ದರೆ ಆ ಗಾಯದ ಸುತ್ತಲಿನ ಮಾಂಸವನ್ನು ತಿನ್ನಬಾರದು. ಅದರಲ್ಲಿ ಕಣ್ಣಿಗೆ ಕಾಣದ ಎಳೆಗಳಿರುತ್ತವೆ.

ಆದ್ದರಿಂದ, ಮಗೂ, ಅಂಗಡಿಗೆ ಹೋದಾಗ ಮೊದಲು ಬಿಗಿತ ಕೇಳು, ಆಮೇಲೆ ಒಟ್ಟು ತೂಕ ಕೇಳು, ನೇರತನವನ್ನು ಕೊನೆಗೆ ಕೇಳು. ವೇಗವನ್ನು ನೀನು ಕೇಳದಿದ್ದರೂ ಅವರೇ ಹೇಳುತ್ತಾರೆ. ಬೇಟೆಯ ಅಲಗನ್ನೇ ಹಾಕಿ ಅಭ್ಯಾಸ ಮಾಡು. ಉಳಿದವರಲ್ಲಿ ನನ್ನ ಮಾತನ್ನು ಒಪ್ಪದವರಿದ್ದರೆ, ಹಿಂದೆ ತರಗತಿಯಲ್ಲಿ ಮಾಡುತ್ತಿದ್ದಂತೆ ಲೆಕ್ಕವನ್ನು ಹಂತಹಂತವಾಗಿ ಬಿಡಿಸಿ ಕಳುಹಿಸಿ. ಬರೀ ಉತ್ತರಕ್ಕೆ ಅಂಕವಿಲ್ಲ.