ಮಾಸ್ಕ್ ಸಾಲದು, ಒಂದು ಬಕೆಟ್ ನೀರೂ ಬೇಕು

ನಮ್ಮ ಕಡೆ ಕೀಟನಾಶಕ ಅನ್ನುವ ಶಬ್ದ ಪುಸ್ತಕದಲ್ಲಿ ಮಾತ್ರ. ಬಾಯಲ್ಲಿ ಬರೋದು 'ಮದ್ದು'. ಜ್ವರಕ್ಕೂ ಮದ್ದು, ಹುಳಕ್ಕೂ ಮದ್ದು, ಗೆದ್ದಲಿಗೂ ಮದ್ದು. ಕುದ್ರೋಳಿಯಂಥ ಪೇಟೆಯಲ್ಲಿ ತೋಟ ಇಲ್ಲದಿದ್ದರೂ ಗೆದ್ದಲಿನ ಮದ್ದು ಹೊಡೆಯಲು ಬರುವವರನ್ನು ನೋಡಿಯೇ ಇರುತ್ತೇವೆ. ಮುಖಕ್ಕೆ ಮಾಸ್ಕ್ ಉಂಟು. ಕೈಗೆ ಗ್ಲೌಸ್ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಮೂಗು ಮುಚ್ಚಿದರೆ ಸಾಕು ಅಂತ ಅವರೂ ನಂಬಿದ್ದಾರೆ, ಕರೆಸಿದವರೂ ನಂಬಿದ್ದಾರೆ.

ಆದರೆ ಚರ್ಮ ರೈನ್‌ಕೋಟ್ ಅಲ್ಲ. ಅದರ ಮೇಲ್ಪದರದಲ್ಲಿ ಸತ್ತ ಜೀವಕೋಶ, ಅವುಗಳ ನಡುವೆ ಜಿಡ್ಡು. ನೀರನ್ನು ಅದು ಚೆನ್ನಾಗಿ ತಡೆಯುತ್ತದೆ. ಎಣ್ಣೆಯಲ್ಲಿ ಕರಗುವ ವಸ್ತುವಿಗೆ ಮಾತ್ರ ಆ ಜಿಡ್ಡೇ ದಾರಿ. ಹೆಚ್ಚಿನ ಕೀಟನಾಶಕಗಳು ಇದೇ ಜಾತಿಯವು. 1971ರಲ್ಲಿ ಅಮೆರಿಕದ ಮೈಬಾಕ್ ಮತ್ತು ಸಂಗಡಿಗರು ಪ್ಯಾರಾಥಿಯಾನ್ ಅನ್ನುವ ಕೀಟನಾಶಕವನ್ನು ಮನುಷ್ಯರ ಚರ್ಮಕ್ಕೆ ಹಚ್ಚಿ ಅಳೆದರು. ಮೊಣಕೈ ಕೆಳಗೆ ಹಚ್ಚಿದ್ದರಲ್ಲಿ ಸುಮಾರು 9% ಒಳಗೆ ಹೋಯಿತು, ಹಣೆಯಲ್ಲಿ 36%, ಕಂಕುಳಲ್ಲಿ 64%, ವೃಷಣದ ಚರ್ಮದಲ್ಲಿ ಹೆಚ್ಚುಕಡಿಮೆ ಪೂರ್ತಿ. ಬೆನ್ನಿನ ಕ್ಯಾನ್ ಸೋರಿ ಚಡ್ಡಿ ಒದ್ದೆಯಾದರೂ ಸಂಜೆ ತನಕ ಹಾಗೇ ಕೆಲಸ ಮಾಡುವವರನ್ನು ನೆನೆಸಿಕೊಳ್ಳಿ.

ಪ್ಯಾರಾಥಿಯಾನ್ ಇರುವ ಆರ್ಗನೋಫಾಸ್ಫೇಟ್ ಕುಟುಂಬದ್ದೇ ಯುದ್ಧದ ನರ್ವ್ ಏಜೆಂಟ್‌ಗಳೂ. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಹುಳ ಕೊಲ್ಲುವ ಮದ್ದು ಹುಡುಕುತ್ತಿದ್ದಾಗ ಸಿಕ್ಕಿದ್ದು ಟಾಬುನ್. 2017ರಲ್ಲಿ ಕ್ವಾಲಾಲಂಪುರ ವಿಮಾನ ನಿಲ್ದಾಣದಲ್ಲಿ ಕಿಮ್ ಜೊಂಗ್ ನಾಮ್ ಮುಖಕ್ಕೆ ಇಬ್ಬರು ಹೆಂಗಸರು ಬರಿಗೈಯಲ್ಲಿ ವಿಎಕ್ಸ್ ಹಚ್ಚಿದರು. ಅವನು ಸತ್ತ, ಅವರು ಬದುಕಿದರು. ಹಚ್ಚಿದ ಕೂಡಲೇ ಅವರು ಕೈ ತೊಳೆಯಲು ಶೌಚಾಲಯಕ್ಕೆ ಹೋಗಿದ್ದರು. ಬದುಕಿದ್ದಕ್ಕೆ ಅದೊಂದೇ ಕಾರಣ ಅಂತ ಹೇಳಲಾಗದು, ಆದರೆ ಬೇಗ ತೊಳೆದಷ್ಟೂ ಒಳಗೆ ಹೋಗುವುದು ಕಮ್ಮಿ ಅನ್ನುವುದು ಖಂಡಿತ.

ಮಾಡಬೇಕಾದ್ದು ಸುಲಭ. ಒದ್ದೆ ಬಟ್ಟೆ ತಕ್ಷಣ ತೆಗೆಯುವುದು. ಸೋಪು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯುವುದು. ಕೂದಲು, ಉಗುರು, ಕಂಕುಳು ಬಿಡಬಾರದು. ಬಿಸಿನೀರು ಬೇಡ, ತಿಕ್ಕಿ ಉಜ್ಜುವುದೂ ಬೇಡ. ತೊಳೆಯಲು ಸಹಾಯ ಮಾಡುವವರು ಗ್ಲೌಸ್ ಹಾಕಬೇಕು. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ನೆನೆಸಬಾರದು. ಬೆವರು, ಜೊಲ್ಲು, ವಾಂತಿ, ಉಸಿರಾಟದ ತೊಂದರೆ ಶುರುವಾದರೆ ಮದ್ದಿನ ಬಾಟಲಿ ಸಮೇತ ಆಸ್ಪತ್ರೆಗೆ ಓಡಬೇಕು.

ತೊಳೆಯಲಿಕ್ಕೆ ಅವಕಾಶವೇ ಇಲ್ಲದಿದ್ದರೆ? ನಮ್ಮ ಪಕ್ಕದ ಕಾಸರಗೋಡಿನಲ್ಲಿ ಆದದ್ದು ಅದೇ. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಷನ್ ಕಾರ್ಪೊರೇಷನ್ ಆಫ್ ಕೇರಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಸಿತು. ಇದು ಬೇರೆ ಕುಟುಂಬದ ವಿಷ, ಆದರೆ ಚರ್ಮದ ಮೂಲಕವೂ ಹೋಗುತ್ತದೆ. 2001ರಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ ಪಡ್ರೆ ಗ್ರಾಮದ ನೀರಿನಲ್ಲೂ ಜನರ ರಕ್ತದಲ್ಲೂ ಅದನ್ನು ಕಂಡಿತು. ಮೈ ತೊಳೆಯುವ ನೀರಿನಲ್ಲೇ ವಿಷ ಇದ್ದರೆ ಸೋಪು ಏನು ಮಾಡೀತು? ಸುಪ್ರೀಂ ಕೋರ್ಟ್ ದೇಶವಿಡೀ ಅದನ್ನು ನಿಲ್ಲಿಸಿದ್ದು 2011ರಲ್ಲಿ. ನಮ್ಮದೇ ಜಿಲ್ಲೆಯ ಕೊಕ್ಕಡದ ಮನೆಗಳಲ್ಲಿ ಆ ಕಥೆ ಇನ್ನೂ ಮುಗಿದಿಲ್ಲ.

ಹಾಗಾಗಿ 'ಹುಷಾರಾಗಿ ಹೊಡೀರಿ' ಅಂತ ಕೂಲಿಯವರಿಗೇ ಬುದ್ಧಿ ಹೇಳಿ ಕೈತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಕೆಮಿಕಲ್ ಪ್ಲಾಂಟಿನ ಎಮರ್ಜೆನ್ಸಿ ಶವರ್‌ಗೆ ಒಂದು ಅಮೆರಿಕನ್ ಸ್ಟಾಂಡರ್ಡ್ ಉಂಟು: 10 ಸೆಕೆಂಡಿನಲ್ಲಿ ತಲುಪುವಂತಿರಬೇಕು, 15 ನಿಮಿಷ ನೀರು ಬರಬೇಕು. ಮದ್ದು ಹೊಡೆಯುವವರ ಚರ್ಮ ಬೇರೆ ಮೆಟೀರಿಯಲ್‌ನಿಂದ ಮಾಡಿದ್ದಾ? ಮದ್ದು ಹೊಡೆಸುವವರು ಕೂಲಿಯ ಜೊತೆಗೆ ಗ್ಲೌಸ್, ನೀರು, ಸೋಪು, ಬದಲಿಸಲು ಒಂದು ಜೊತೆ ಬಟ್ಟೆ ಕೊಡಲೇಬೇಕು ಅಂತ ನಿಯಮ ಆಗಲಿ. ಅದು ಬರುವ ತನಕ ಕಾಯಬೇಕಾಗಿಲ್ಲ. ಮುಂದಿನ ಸಲ ನಿಮ್ಮ ಮನೆಗೆ ಗೆದ್ದಲಿನ ಮದ್ದಿನವರು ಬಂದಾಗ ಚಹಾ ಕೊಡುವ ಮೊದಲು ಕೈಕಾಲು ತೊಳೆಯಲು ನೀರು, ಸೋಪು ಕೊಡಿ.